ಬೂದಿನೀರಿನ ಬಾನಿಯ ಬಳಿ ಆಡಿದ ಮಾತು

ನನ್ನ ಅಕ್ಕ ತೊಕಿಯ ಮದುವೆ ಬೆಳಗಿನ ಹೊತ್ತು ನಡೆಯಿತು. ನಮ್ಮೂರಿನಲ್ಲಿ ಅಂಥದ್ದನ್ನು ಯಾರೂ ಮಾಡುತ್ತಿರಲಿಲ್ಲ. ಮದುವೆ, ಜಗಳ, ಚಾಡಿ ಎಲ್ಲವನ್ನೂ ನಾವು ಮಧ್ಯಾಹ್ನಕ್ಕೆ ಇಟ್ಟುಕೊಳ್ಳುವವರು. ಸೂರ್ಯ ಮೂಡಣ ಗುಡ್ಡದ ಪೈನ್ ಮರಗಳನ್ನು ದಾಟಿ ಮೇಲೆ ಬರುವ ಮುಂಚೆ ಯಾರು ಎಲ್ಲಿ ನಿಂತು ಏನು ಆಡಿದರೂ ಆ ಮಾತು ಅದೇ ಜಾಗದಲ್ಲಿ, ಅದೇ ದನಿಯಲ್ಲಿ, ಹೊತ್ತು ಮುಳುಗುವಾಗ ಇನ್ನೊಂದು ಸಲ ಕೇಳಿಸುತ್ತಿತ್ತು. ಒಂದೇ ಸಲ, ಆಮೇಲೆ ಇಲ್ಲ. ಗಂಡನನ್ನು ಬೈಯಬೇಕಾದ ಹೆಂಗಸರು ಹೊತ್ತೇರುವವರೆಗೆ ಹಲ್ಲು ಕಚ್ಚಿಕೊಂಡಿರುತ್ತಿದ್ದರು. ಅಷ್ಟು ತಾಳ್ಮೆ ಇಲ್ಲದವರು ಅವನನ್ನು ದೋಣಿಯಲ್ಲಿ ಕೂರಿಸಿಕೊಂಡು ಹೊಳೆಯ ನಡುವಿಗೆ ಹೋಗಿ ಬೈದು ಬರುತ್ತಿದ್ದರು. ನೀರಿನ ಮೇಲೆ ಆಡಿದ್ದು ಉಳಿಯುತ್ತಿರಲಿಲ್ಲ. ವ್ಯಾಪಾರದವರು ಬೇಕೆಂದೇ ಬೆಳಿಗ್ಗೆ ಮಾತು ಮುಗಿಸುತ್ತಿದ್ದರು. ಮಗು ಬೆಳಿಗ್ಗೆ ಹುಟ್ಟಿದರೆ ಅದರ ಮೊದಲ ಅಳು ಕೇಳಲು ನೆಂಟರಿಷ್ಟರು ಸಂಜೆ ಬಂದು ಬಾಗಿಲಲ್ಲಿ ಸಾಲಾಗಿ ಕೂರುತ್ತಿದ್ದರು.

ಬೆಳಿಗ್ಗೆಯೇ ಮದುವೆ ಆಗಬೇಕೆಂದು ಹಟ ಹಿಡಿದವನು ಭಾವ ಸೊಜಿರೊ. ಒಂದೇ ಊಟಕ್ಕೆ ಎರಡು ಸಲ ಹಾರೈಕೆ ಸಿಗುತ್ತದಲ್ಲ ಎಂದ. ಸಂಜೆ ಎಲ್ಲರೂ ಮತ್ತೆ ಬಂದು ಅಂಗಳದಲ್ಲಿ ಕೂತಾಗ ಹಾರೈಕೆಗಳ ನಡುವೆ, ಮದುಮಗನ ಕಿವಿ ಅತಿ ದೊಡ್ಡದಾಯಿತೆಂದು ನಮ್ಮ ಚಿಕ್ಕಮ್ಮ ಪಕ್ಕದವಳಿಗೆ ಪಿಸುಗುಟ್ಟಿದ್ದೂ ಸ್ಪಷ್ಟವಾಗಿ ಕೇಳಿಸಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಸೊಜಿರೊನೇ. ಅವನು ಅಂಥ ಮನುಷ್ಯ.

ನಮ್ಮದು ಬಣ್ಣ ಹಾಕುವ ಮನೆ. ಕುಸುಬೆ ಹೂವಿನ ಎಸಳನ್ನು ಕುಟ್ಟಿ ಬಿಲ್ಲೆ ತಟ್ಟಿ ಒಣಗಿಸಿ, ಅದರಿಂದ ಕೆಂಪು ತೆಗೆಯುವುದು ನಮ್ಮ ಅಪ್ಪನ ಕಾಲದಿಂದ ಬಂದ ಕಸುಬು. ಅಪ್ಪ ಅಮ್ಮ ಹೋದ ಮೇಲೆ ಅಕ್ಕ, ಭಾವ, ನಾನು ಮೂವರೇ ಅದನ್ನು ನಡೆಸಿಕೊಂಡು ಬಂದೆವು. ನನ್ನ ಹೆಸರು ಸುಗಿ. ನಾನು ಮದುವೆಯಾಗಲಿಲ್ಲ, ಆ ಮಾತು ಈಗ ಬೇಡ.

ಆಗ ನಮ್ಮ ಕೆಂಪಿಗೆ ತುಂಬ ಬೇಡಿಕೆ ಇತ್ತು. ರಾಜಧಾನಿಯ ದೊಡ್ಡ ಮನುಷ್ಯರು ತಮ್ಮ ಹೊಲಗದ್ದೆಗಳ ಕಾವಲಿಗೆಂದು ಎರಡು ಮನೆತನದ ಕತ್ತಿಯವರನ್ನು ಸಾಕಿಕೊಂಡಿದ್ದರು. ಹಾಮುರಾ ಮನೆತನದವರು ಕೆಂಪು ಬಾವುಟದವರು, ಒಕಿತ್ಸು ಮನೆತನದವರು ಬಿಳಿ ಬಾವುಟದವರು. ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ಅಜ್ಜಂದಿರ ಕಾಲದ ಒಂದು ಕೊಲೆ, ಅದಕ್ಕೊಂದು ಸೇಡು, ಆ ಸೇಡಿಗೆ ಮತ್ತೊಂದು, ಹೀಗೆ ನಡೆದು ಬಂದಿತ್ತು. ಅವರು ಕಚ್ಚಾಡುತ್ತಿದ್ದಷ್ಟು ಕಾಲ ತಾವು ಸುಖವಾಗಿರಬಹುದೆಂದು ರಾಜಧಾನಿಯವರು ತಿಳಿದಿದ್ದರು. ನಮ್ಮ ಊರಿನ ಕಟ್ಟೆಯನ್ನೂ ದೋಣಿ ನಿಲ್ಲುವ ಜಾಗವನ್ನೂ ಹಾಮುರಾದವರು ಹಿಡಿದಿದ್ದರಿಂದ ನಾವು ಕೆಂಪು ಬಾವುಟ ಮಾಡಿಕೊಡುತ್ತಿದ್ದೆವು. ಒಕಿತ್ಸುವಿನವರು ಹಿಡಿದಿದ್ದರೆ ನಮಗೆ ಕೆಲಸವೇ ಇರುತ್ತಿರಲಿಲ್ಲ. ಬಿಳಿಗೆ ಬಣ್ಣದವರು ಯಾಕೆ ಬೇಕು?

ಕಾದಾಟ ದೊಡ್ಡದಾದಾಗ ಹಾಮುರಾದ ಸರದಾರ ಕಿಯೊಹಾರು ನಮ್ಮ ಅಂಗಳಕ್ಕೆ ಬಂದ. ಬಾವುಟ ಹೊರುವವರು ಸಾಲುತ್ತಿಲ್ಲ, ಮಾಡಿದವನೇ ಹಿಡಿಯಲಿ ಎಂದು ಸೊಜಿರೊನನ್ನು ಕರೆದುಕೊಂಡು ಹೋದ. ಕೆಟ್ಟ ಮನುಷ್ಯನಲ್ಲ ಕಿಯೊಹಾರು. ಹೋಗುವಾಗ ಅಕ್ಕನಿಗೆ ತಲೆ ಬಾಗಿಸಿ, "ನನ್ನ ಕುದುರೆ ಪಕ್ಕದಲ್ಲೇ ಇಟ್ಕೋತೀನಿ ತಾಯಿ," ಎಂದಿದ್ದ.

ಮೂರನೆಯ ವರ್ಷ ಹಾಮುರಾದವರು ಸೋತರು. ಎಲ್ಲೋ ದೂರದ ಕಡಲ ಕಾಲುವೆಯಲ್ಲಿ ಅವರ ದೋಣಿಗಳು ಮುಳುಗಿದವು ಎಂದು ಕೇಳಿದೆವು. ಒಕಿತ್ಸುವಿನ ಒಡೆಯ ರಾಜಧಾನಿಗೆ ಹೋಗಿ ನೆಲೆಸಲಿಲ್ಲ. ಅರಮನೆಯವರು ಕೊಟ್ಟ ಬಿರುದನ್ನು ತೆಗೆದುಕೊಂಡು, ತನ್ನದೇ ಊರಿನ ಬಿಡಾರದಲ್ಲಿ ಕೂತು ಅಲ್ಲಿಂದಲೇ ನಾಡನ್ನು ಆಳತೊಡಗಿದ. ಊರೂರಿಗೆ ಒಬ್ಬೊಬ್ಬ ದಣಾಯಕನನ್ನು ಕಳಿಸಿದ. ನಮ್ಮೂರಿಗೆ ರಾಜಧಾನಿಯಿಂದ ಬಂದಿದ್ದ ಪಾರುಪತ್ಯದ ಮುದುಕ, ಸಂಜೆ ಚಾಪೆ ಹಾಸಿಕೊಂಡು ತಕರಾರಿನವರ ಬೆಳಗಿನ ಮಾತನ್ನು ತಾನೇ ಕೇಳಿ ನ್ಯಾಯ ಹೇಳುತ್ತಿದ್ದವನು, ತನ್ನ ಪದ್ಯದ ಸುರುಳಿಗಳನ್ನು ಎದೆಗೆ ಒತ್ತಿಕೊಂಡು ದೋಣಿ ಹತ್ತಿದ. ಬೀಳ್ಕೊಡಲು ಯಾರೂ ಹೋಗಲಿಲ್ಲ. ದಣಾಯಕನ ಆಳುಗಳು ದಂಡೆಯಲ್ಲಿ ನಿಂತು ನೋಡುತ್ತಿದ್ದರು.

ದಣಾಯಕನಿಗೆ ನಮ್ಮ ಊರಿನ ವಿಷಯ ಗೊತ್ತಾಗಲು ಒಂದು ಸಂಜೆ ಸಾಕಾಯಿತು. ಅವನು ಅಚ್ಚರಿಪಡಲಿಲ್ಲ. ಮರುದಿನವೇ ಡಂಗುರ ಸಾರಿಸಿದ. ಹೊತ್ತು ಮುಳುಗುವಾಗ ಒನಕೆ, ಮಗ್ಗ, ಬಟ್ಟೆ ಬಡಿಯುವ ಕೊಡತಿ, ಗಂಟೆ ಯಾವುದೂ ಸದ್ದು ಮಾಡಕೂಡದು. ಯಾವ ಮನೆಗೆ ಯಾವಾಗ ಬೇಕಾದರೂ ಠಾಣೆಯ ಆಳು ಸಂಜೆ ಬಂದು ಕೂರುತ್ತಾನೆ, ಬಾಗಿಲು ತೆರೆದಿಡಬೇಕು. ಹಾಮುರಾದವನಿಗೆ ನೆರಳು ಕೊಟ್ಟ ಮನೆಯವರ ತಲೆ ಸೇತುವೆಯ ಮೇಲೆ. ಹಾಗೆಯೇ ಆಯಿತು ಕೂಡ. ಚಪ್ಪರ ಕಟ್ಟುವವರ ಮನೆಯಲ್ಲಿ ಮೂರು ಜನ. ಹಾಮುರಾದವರ ಕಾಲದಲ್ಲಿ ಕುದುರೆಗಳು ದಪ್ಪಗಿದ್ದವು ಎಂದಷ್ಟೇ ಬೆಳಿಗ್ಗೆ ಅಂದಿದ್ದ ದೋಣಿ ಬಡಗಿಯ ಮನೆ ಸುಟ್ಟಿತು. ಅಲ್ಲಿಂದ ಊರು ಬೆಳಿಗ್ಗೆ ಮಾತಾಡುವುದನ್ನೇ ಬಿಟ್ಟಿತು. ಕೈಸನ್ನೆಯಲ್ಲೇ ಗಂಜಿ ಬಡಿಸಿ, ಕೈಸನ್ನೆಯಲ್ಲೇ ಮಕ್ಕಳನ್ನು ಎಬ್ಬಿಸಿ, ಹೊತ್ತೇರಿದ ಮೇಲೆ ಎಲ್ಲರೂ ಒಟ್ಟಿಗೆ ಬಾಯಿ ಬಿಡುತ್ತಿದ್ದೆವು. ಮೊದಮೊದಲು ಕಷ್ಟವಾಯಿತು. ಆಮೇಲೆ ಅಭ್ಯಾಸವಾಯಿತು.

ನಮಗೊಂದು ಕೆಲಸವೂ ಬಂತು. ಗೆದ್ದು ತಂದ ಕೆಂಪು ಬಾವುಟಗಳನ್ನೆಲ್ಲ ದಣಾಯಕ ನಮ್ಮ ಅಂಗಳದಲ್ಲಿ ರಾಶಿ ಹಾಕಿಸಿ ಬಿಳಿ ಮಾಡಿ ಎಂದ. ಒಕಿತ್ಸುವಿನ ಒಡೆಯ ನಮ್ಮ ಊರಿನ ಮೇಲೆ ಹಾದುಹೋಗುವವನಿದ್ದ, ಸೇತುವೆಯಿಂದ ಗುಡ್ಡದವರೆಗೆ ಬಿಳಿ ಬಾವುಟ ನೆಡಬೇಕಿತ್ತು. ಕುಸುಬೆಯ ಕೆಂಪು ಬೂದಿನೀರಿಗೆ ಬಿಟ್ಟುಬಿಡುತ್ತದೆ. ನಾವೇ ಹಾಕಿದ ಬಣ್ಣವನ್ನು ನಾವೇ ಬಾನಿಯಲ್ಲಿ ಅದ್ದಿ ಅದ್ದಿ ತೆಗೆದೆವು. ಕಾಲುವೆ ಕೆಂಪಗೆ ಹರಿಯಿತು. ಕೆಳಗಿನ ಮನೆಯವರ ಬಾತುಕೋಳಿಗಳು ಗುಲಾಬಿಯಾಗಿ ಓಡಾಡಿದವು. ಬಾವುಟಗಳ ನಡುವೆ ಅಕ್ಕ ಪ್ರತಿಯೊಂದರ ಕೋಲು ತೂರಿಸುವ ಅಂಚನ್ನು ತಿರುಗಿಸಿ ನೋಡುತ್ತಿದ್ದಳು. ಸೊಜಿರೊ ಹೊತ್ತೊಯ್ದ ಬಾವುಟಕ್ಕೆ ಅಲ್ಲಿ ಅವಳೇ ಹೊಲಿಗೆ ಹಾಕಿದ್ದಳು. ಸೊಜಿರೊ ಸತ್ತನೋ ಇದ್ದಾನೋ ಎಂದು ಹೇಳುವವರು ಯಾರೂ ಇರಲಿಲ್ಲ.

ಒಡೆಯ ಬರುವ ಹಿಂದಿನ ದಿನ ಬೆಳಿಗ್ಗೆ ನಾನು ಕಾಲುವೆಗೆ ನೀರಿಗೆ ಹೋಗಿದ್ದೆ. ತಿರುಗಿ ಬಂದಾಗ ಬೂದಿನೀರಿನ ಬಾನಿಯ ಬಳಿ ಅಕ್ಕ ಒಬ್ಬ ಗಂಡಸಿನ ಬಾಯನ್ನು ಎರಡೂ ಕೈಯಿಂದ ಮುಚ್ಚಿ ಹಿಡಿದು ನಿಂತಿದ್ದಳು. ಆತ ಕಿಯೊಹಾರು. ಕೂದಲು ಕತ್ತರಿಸಿಕೊಂಡು ಭಿಕ್ಷುವಿನ ಬಟ್ಟೆ ಉಟ್ಟಿದ್ದ. ತೊಡೆಯಲ್ಲಿ ಹಳೆಯ ಗಾಯ ಕೀವಾಗಿ ನಾರುತ್ತಿತ್ತು. ಮೈ ಕೆಂಡದಂತೆ ಸುಡುತ್ತಿತ್ತು. ನಾನು ನೋಡನೋಡುತ್ತಿದ್ದಂತೆ ಅಕ್ಕನ ಕೈಯಿಂದ ಜಾರಿ ನೆಲಕ್ಕೆ ಬಿದ್ದ.

ಇಬ್ಬರೂ ಸೇರಿ ಅವನನ್ನು ಎಳೆದು ಅಟ್ಟಕ್ಕೆ ಹತ್ತಿಸಿ, ಹೂಬಿಲ್ಲೆಯ ಗೋಣಿಗಳ ಹಿಂದೆ ಮಲಗಿಸಿದೆವು. ಹೊತ್ತೇರುವವರೆಗೆ ಬಾಯಿ ಬಿಡುವಂತಿರಲಿಲ್ಲ. ಬಿಸಿಲು ಅಂಗಳಕ್ಕೆ ಇಳಿದ ಮೇಲೆ ಅಕ್ಕ ಹೇಳಿದಳು. "ಸೊಜಿರೊ ಇಲ್ಲ ಅಂದ ಕಣೇ."

"ಮತ್ತೆ?"

"ಮತ್ತೆ ತುಂಬ ಹೇಳಿದ. ನನಗೆ ಕೇಳಿಸಲಿಲ್ಲ. ತುಟಿ ಅಲ್ಲಾಡೋದು ಕಾಣ್ತಿತ್ತು, ಅಷ್ಟೆ. ಸೊಜಿರೊ ಹೇಳಿ ಕಳಿಸಿದ್ದು ಅಂತೇನೋ ಅಂದ. ನನಗೆ ಕಿವಿಯೇ ಕಿವುಡಾಗಿ ಹೋಯ್ತು. ಬಾಯಿ ಮುಚ್ಚಬೇಕು ಅಂತ ಹೊಳೆದಿದ್ದು ಅವನು ಎಲ್ಲ ಹೇಳಿ ಮುಗಿಸಿದ ಮೇಲೆ."

ಅವಳು ಅಟ್ಟ ಹತ್ತಿ ಕಿಯೊಹಾರುವಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಾಯಿಗೆ ನೀರು ಬಿಟ್ಟಳು. "ಸರದಾರರೇ, ಇನ್ನೊಂದು ಸಲ ಹೇಳಿ. ಸೊಜಿರೊ ಏನಂದ?" ಎಂದು ಮತ್ತೆ ಮತ್ತೆ ಕೇಳಿದಳು. ಕಿಯೊಹಾರು ಒಂದೆರಡು ಸಲ ಕಣ್ಣು ಬಿಟ್ಟ. ಕುದುರೆಗಳ ಹೆಸರು ಹೇಳಿದ. ಯಾರಿಗೋ ಲಗಾಮು ಬಿಗಿಹಿಡಿ ಎಂದ. ಮಧ್ಯಾಹ್ನ ಕಳೆಯುವ ಹೊತ್ತಿಗೆ ಸತ್ತುಹೋದ.

ನಾನು ಅಳತೊಡಗಿದೆ. ಭಾವನಿಗಾಗಿ ಎಂದು ಹೇಳಿದರೆ ಸುಳ್ಳಾಗುತ್ತದೆ, ಹೆದರಿಕೆಗೆ ಅತ್ತೆ. ಅಟ್ಟದ ಮೇಲೆ ಹಾಮುರಾದ ಸರದಾರನ ಹೆಣ, ಬಾನಿಯ ಬಳಿ ಅವನ ಮಾತು. ಹೆಣವನ್ನಾದರೂ ಮುಚ್ಚಿಡಬಹುದಿತ್ತು.

"ಇವತ್ತು ಆಳು ಬರದೇ ಇರಬಹುದು," ಎಂದಳು ಅಕ್ಕ. "ಮೊನ್ನೆಯಷ್ಟೇ ಬಂದು ಹೋಗಿದಾರೆ. ಬರದಿದ್ರೆ ಪೂರ್ತಿ ಕೇಳಿಸ್ಕೋತೀನಿ."

"ಬಂದ್ರೆ?"

ಅವಳು ಒಣಗಿದ ಬಿಳಿ ಬಾವುಟಗಳಿಗೆ ನೀರು ಚಿಮುಕಿಸಿ ಮಡಚಿ, ಬಟ್ಟೆ ಬಡಿದು ನಯ ಮಾಡುವ ಕಲ್ಲನ್ನು ಅಂಗಳದ ನಡುವೆ ಎಳೆದಿಟ್ಟಳು. ಎರಡು ಕೊಡತಿಗಳನ್ನೂ ಪಕ್ಕದಲ್ಲಿ ಇಟ್ಟಳು. ಆಮೇಲೆ ಹೋಗಿ ಬಾನಿಯ ಬಳಿ, ಬೆಳಿಗ್ಗೆ ಕಿಯೊಹಾರು ನಿಂತಿದ್ದ ಜಾಗಕ್ಕೆ ಒಂದು ಮಾರು ದೂರದಲ್ಲಿ, ಮೊಣಕಾಲೂರಿ ಕೂತಳು. ತಲೆ ಬಾಚಿಕೊಂಡಿದ್ದಳು. ಬಿಸಿಲು ಗೋಡೆ ಹತ್ತಿ ಸೂರಿಗೆ ಹೋಗುತ್ತಿತ್ತು. ಇಬ್ಬರೂ ಬಾಗಿಲ ಕಡೆಗೇ ನೋಡುತ್ತಿದ್ದೆವು. ಬೀದಿಯಲ್ಲಿ ಯಾರೂ ಇರಲಿಲ್ಲ. ಇನ್ನೇನು ಬರುವುದಿಲ್ಲ ಎಂದುಕೊಳ್ಳುವಷ್ಟರಲ್ಲಿ ಹೊಸ್ತಿಲಲ್ಲಿ ಹುಲ್ಲಿನ ಚಪ್ಪಲಿಯ ಸದ್ದಾಯಿತು.

ಬಂದವನು ಹಾಚಿಯ, ಹೆಸರು ನಮಗೆ ತಿಳಿದದ್ದು ಆಮೇಲೆ. ಮೂವತ್ತರ ಆಸುಪಾಸಿನ ಆಳು. ಬಡಗಣ ಸೀಮೆಯ ಕಡೆಯವನು, ಮಾತಿನಲ್ಲಿ ಗೊತ್ತಾಗುತ್ತಿತ್ತು. ಕತ್ತಿ ಸೊಂಟದಲ್ಲಿದ್ದರೂ ನಡಿಗೆ ಮಾತ್ರ ಗದ್ದೆಯ ಬದುವಿನ ಮೇಲೆ ನಡೆಯುವವರದ್ದು. ಅವನು ಒಳಗೆ ಕಾಲಿಡುತ್ತಿದ್ದಂತೆ ಅಕ್ಕ ಎದ್ದು ಬಂದು ಕಲ್ಲಿನ ಮುಂದೆ ಕೂತು ಕೊಡತಿ ಎತ್ತಿದಳು. ನನಗೂ ಕಣ್ಣಲ್ಲೇ ಕೂರು ಎಂದಳು. ಎದುರುಬದುರಾಗಿ ಕೂತು ಬಡಿಯತೊಡಗಿದೆವು.

"ನಿಲ್ಲಿಸಮ್ಮಾ! ಈ ಹೊತ್ತಲ್ಲಿ ಸದ್ದು ಮಾಡೋ ಹಾಗಿಲ್ಲ, ಗೊತ್ತಿಲ್ವಾ?"

ಅಕ್ಕ ಕೈ ನಿಲ್ಲಿಸದೆ ಹೇಳಿದಳು. "ನಾಳೆ ಬೆಳಿಗ್ಗೆ ಒಡೆಯರು ಬರ್ತಾರೆ. ಬಾವುಟ ಸುಕ್ಕಿದ್ರೆ ತಲೆ ತೆಗೀತೀನಿ ಅಂದವರು ನಿಮ್ಮ ದಣಾಯಕರೇ ಅಯ್ಯಾ. ಚಿಮುಕಿಸಿದ ಬಟ್ಟೆ ಆರೋಕೆ ಮುಂಚೆ ಬಡೀಬೇಕು. ನಿಲ್ಲಿಸು ಅಂದ್ರೆ ನಿಲ್ಲಿಸ್ತೀನಿ. ನಾಳೆ ಸುಕ್ಕು ಯಾಕೆ ಅಂತ ಕೇಳಿದ್ರೆ ನಿಮ್ಮ ಹೆಸರು ಹೇಳ್ತೀನಿ. ಏನು ನಿಮ್ಮ ಹೆಸರು?"

ಹಾಚಿಯ ಬಾವುಟಗಳ ರಾಶಿಯನ್ನು ನೋಡಿದ, ಆಕಾಶ ನೋಡಿದ. "ಬೇಗ ಮುಗಿಸಿ," ಎಂದ.

ನಾವು ಬೇಗ ಮುಗಿಸಲಿಲ್ಲ. ಹಾಚಿಯ ತನ್ನ ಕೆಲಸ ಮರೆಯುವವನೂ ಆಗಿರಲಿಲ್ಲ. ಅಂಗಳದ ಸುತ್ತ ಮೂಲೆಮೂಲೆಗೂ ಹೋಗಿ ಒಂದೊಂದು ಗಳಿಗೆ ಕಿವಿಗೊಟ್ಟು ನಿಂತ. ಒಲೆಯ ಬಳಿ ನಿಂತ. ಅಟ್ಟದ ಏಣಿಯ ಕೆಳಗೆ ನಿಂತ; ನನ್ನ ಕೈ ತಾಳ ತಪ್ಪಿತು, ಅಕ್ಕ ನನ್ನತ್ತ ಕಣ್ಣು ಕೆಕ್ಕರಿಸಿದಳು. ಆಮೇಲೆ ಬಾನಿಯ ಬಳಿಗೆ ನಡೆದ. ಸೂರ್ಯನ ಕೊನೆಯ ಅಂಚು ಮುಳುಗಿತು.

ಮಾತು ಶುರುವಾದದ್ದು ನನಗೆ ಗೊತ್ತಾಯಿತು. ಪದಗಳು ಕೇಳಿಸಲಿಲ್ಲ. ಎರಡು ಪೆಟ್ಟಿನ ನಡುವಿನ ಸಂದಿಯಲ್ಲಿ ಗಂಡುದನಿಯ ಗುನುಗು ಮಾತ್ರ ನುಸುಳಿ ಬರುತ್ತಿತ್ತು. ಅಕ್ಕನಿಗೂ ಗೊತ್ತಾಯಿತು. ಅವಳ ಕುತ್ತಿಗೆ ತಾನಾಗಿ ಬಾನಿಯ ಕಡೆ ವಾಲಿತು. ಅವಳನ್ನು ನೋಡಲಾರದೆ ನಾನು ಕೊಡತಿಯನ್ನು ಸ್ವಲ್ಪ ಎತ್ತಿ ಹಿಡಿದೆ. ಒಂದೇ ಒಂದು ಮಾತಾದರೂ ಅವಳ ಕಿವಿಗೆ ಬೀಳಲಿ ಎನ್ನಿಸಿತು. ಅವಳು ಬಿಡಲಿಲ್ಲ. ನನ್ನ ಪೆಟ್ಟಿನ ಜಾಗಕ್ಕೂ ತನ್ನ ಪೆಟ್ಟನ್ನೇ ಹಾಕಿ, ಎರಡು ಆಳಿನ ಬಿರುಸಿನಿಂದ ಬಡಿದಳು. ಕಲ್ಲು ಅದುರುತ್ತಿತ್ತು. ಗಂಡ ಹೇಳಿ ಕಳಿಸಿದ್ದನ್ನು ತನ್ನ ಕೈಯಿಂದಲೇ ಬಡಿದು ಹೂತುಹಾಕುತ್ತಿದ್ದಳು. ಗುನುಗು ನಿಂತ ಮೇಲೂ ಬಹಳ ಹೊತ್ತು ಬಡಿಯುತ್ತಲೇ ಇದ್ದಳು. ಬೆಳ್ಳಗಿನ ಬಟ್ಟೆ ಒಂದು ಕಡೆ ಹರಿದೇ ಹೋಯಿತು.

ಹಾಚಿಯ ಬಾನಿಯ ಬಳಿ ನಿಂತೇ ಇದ್ದ. ಮುಖ ನಮ್ಮ ಕಡೆಗಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬಂದು, ಏಣಿಯ ಮೇಲೊಮ್ಮೆ ಕಣ್ಣು ಹಾಯಿಸಿ, "ಮುಗೀತಾ?" ಎಂದ.

"ಮುಗೀತು," ಎಂದಳು ಅಕ್ಕ.

ಅವನು ಹೊರಟುಹೋದ. ಆ ಇರುಳು ನಾವು ಬಾಗಿಲು ಹಾಕಲಿಲ್ಲ. ಠಾಣೆಯವರು ಹೇಗೂ ಬಂದು ಮುರಿಯುತ್ತಾರೆ, ಒಳ್ಳೆಯ ಬಾಗಿಲು, ಯಾಕೆ ಹಾಳುಮಾಡುವುದು ಎಂದಳು ಅಕ್ಕ. ಯಾರೂ ಬರಲಿಲ್ಲ.

ಮರುದಿನ ಒಕಿತ್ಸುವಿನ ಒಡೆಯ ಬಂದ. ಊರಿಗೆ ಊರೇ ಸೇತುವೆಯ ಕಡೆ ಬಗ್ಗಿ ನಿಂತಿದ್ದಾಗ ನಾವು ಕಿಯೊಹಾರುವನ್ನು ಹೂಬಿಲ್ಲೆಯ ಗೋಣಿಗಳ ನಡುವೆ ದೋಣಿಗೆ ಹಾಕಿಕೊಂಡು ಹೊಳೆಯ ತಿರುವಿನಾಚೆ ಹೋಗಿ, ಜೊಂಡಿನ ನಡುವಿನ ಮರಳಿನಲ್ಲಿ ಹೂತು ಬಂದೆವು. ಭಿಕ್ಷುವಿನ ಬಟ್ಟೆಯೊಳಗೆ ಬಚ್ಚಿಟ್ಟುಕೊಂಡಿದ್ದ ಅವನ ಕತ್ತಿಯನ್ನು ಅಕ್ಕ ನೀರಿಗೆ ಬಿಟ್ಟಳು. ದೂರದಿಂದ ಬಾವುಟಗಳು ಚೆನ್ನಾಗಿ ಕಾಣುತ್ತಿದ್ದವು. ಒಡೆಯನ ಪಲ್ಲಕ್ಕಿ ನಿಲ್ಲಲಿಲ್ಲ.

ಅಲ್ಲಿಂದ ಅಕ್ಕ ಹೆಚ್ಚು ಮಾತಾಡಲಿಲ್ಲ. ಅಳಲಿಲ್ಲ, ಊಟ ಬಿಡಲಿಲ್ಲ, ಕೆಲಸ ತಪ್ಪಿಸಲಿಲ್ಲ. ಸಂಜೆ ಮಾತ್ರ ಬಾನಿಯ ಬಳಿ ಹೋಗಿ ನಿಲ್ಲುತ್ತಿದ್ದಳು. ಅಲ್ಲಿ ಕೇಳಿಸಲು ಏನೂ ಉಳಿದಿಲ್ಲವೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹೂ ಬಿಡಿಸುವ ಕಾಲ ಬಂದಾಗ ಒಂದು ಮಧ್ಯಾಹ್ನ ಹಾಚಿಯ ಒಬ್ಬನೇ ಬಂದ. ಕತ್ತಿ ಇರಲಿಲ್ಲ. ಬೆನ್ನ ಮೇಲೆ ದಾರಿಯ ಗಂಟು ಇತ್ತು. ಬಡಗಣ ಗಡಿಗೆ ಕಳಿಸುತ್ತಿದ್ದಾರೆ, ಈಗಲೇ ಹೊರಡಬೇಕು ಎಂದ. ಹೊಸ್ತಿಲಲ್ಲೇ ನಿಂತು ನೆಲ ನೋಡುತ್ತ, "ಅಕ್ಕಾ, ಆವತ್ತು ನನಗೆ ಕೇಳಿಸ್ತು," ಎಂದ.

ಅಕ್ಕ ಕೈಯಲ್ಲಿದ್ದ ಬುಟ್ಟಿಯನ್ನು ಕೆಳಗಿಟ್ಟಳು.

"ಹೇಳಿಬಿಡೋಣ ಅಂತಲೇ ಠಾಣೆಗೆ ಹೋದೆ. ಸುಳ್ಳು ಹೇಳಲ್ಲ. ಬಾಗಿಲವರೆಗೂ ಹೋದೆ. ಒಳಗೆ ಅಷ್ಟೊಂದು ಜನ ಕೂತು ಕುಡೀತಿದ್ರು. ಕೇಳಿಸಿದ್ದನ್ನ ಒಂದಕ್ಷರ ಬಿಡದೆ ಗಟ್ಟಿಯಾಗಿ ಒಪ್ಪಿಸಬೇಕು, ಅದು ದಣಾಯಕರ ಕಟ್ಟಳೆ. ಅವರ ಮುಂದೆ ಆ ಮಾತು ಹೇಳೋಕೆ ನನಗೆ ನಾಚಿಕೆ ಆಯ್ತು. ಏನೂ ಇಲ್ಲ ಅಂದುಬಿಟ್ಟೆ."

"ಯಾವ ಮಾತು?" ಎಂದಳು ಅಕ್ಕ.

"ಆ ಸರದಾರರು ಎಲ್ಲಿ ಅಂತ ನಾನು ಕೇಳಲ್ಲ."

"ಯಾವ ಮಾತು, ಹೇಳಪ್ಪಾ."

ಹಾಚಿಯ ಠಾಣೆಯಲ್ಲಿ ಒಪ್ಪಿಸುವವನಂತೆ ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು ನೆಟ್ಟಗೆ ನಿಂತ. "ನಾನು ಹಾಮುರಾ ಕಿಯೊಹಾರು. ಸೊಜಿರೊ ಇಲ್ಲ ತಾಯಿ. ಕತ್ತಿಯಿಂದಲ್ಲ, ಚಳಿಗಾಲದಲ್ಲಿ ಹೊಟ್ಟೆ ಕೆಟ್ಟು ಹೋದ. ಸೊಜಿರೊ ಹೇಳಿ ಕಳಿಸಿದ್ದು ಒಂದಿದೆ, ಮುಟ್ಟಿಸ್ತೀನಿ ಅಂತ ನನ್ನಿಂದ ಆಣೆ ಹಾಕಿಸಿದ. ಹೊರಟ ದಿನ ನೀನು ಹಸಿಬಣ್ಣದ ಕೈಯಲ್ಲೇ ಬಂದು ಅವನ ಕುತ್ತಿಗೆ ತಬ್ಬಿಕೊಂಡಿದ್ದೆಯಂತೆ. ಹತ್ತೂ ಬೆರಳು ಮೂಡಿತ್ತು, ನಾನೂ ನೋಡಿದೀನಿ. ದಂಡಿನವರೆಲ್ಲ ಹಾಸ್ಯ ಮಾಡ್ತಿದ್ರು. ಅವನು ಕುತ್ತಿಗೆಗೆ ನೀರು ಸೋಕಿಸಲಿಲ್ಲ. ಮಳೆ ಬಂದ್ರೆ ಬಾವುಟಕ್ಕೆ ಮುಂಚೆ ಕುತ್ತಿಗೆಗೆ ಬಟ್ಟೆ ಸುತ್ತಿಕೊಳ್ತಿದ್ದ. ತಾನಾಗಿ ಮಾಸೋವರೆಗೆ ತೊಳೆದುಕೊಳ್ಳಲಿಲ್ಲ ಅಂತ ತೊಕಿಗೆ ಹೇಳಿ ಅಂದ. ಅಷ್ಟೆ."

ಹೇಳಿ ಮುಗಿಸಿದ ಹಾಚಿಯನ ಕಿವಿಗಳು ಕೆಂಪಾಗಿದ್ದವು.

ಅಕ್ಕ "ಅವನು ಹೊರಟಿದ್ದು ಬೇಸಿಗೆಯಲ್ಲಿ," ಎಂದಳು ನನ್ನ ಕಡೆ ತಿರುಗಿ. "ಹೌದಲ್ವೇನೇ? ಬೇಸಿಗೆಯಲ್ಲಿ!"

"ಹೌದು," ಎಂದೆ.

"ಆ ಸೆಕೆಯಲ್ಲಿ ಕುತ್ತಿಗೆ ತೊಳೆದುಕೊಳ್ಳಲಿಲ್ಲವಾ? ಆ ಬೆವರಲ್ಲಿ? ಕೊಳಕ! ಬೊಕ್ಕೆ ಎದ್ದಿರುತ್ತೆ, ಕೆರೆದುಕೊಂಡಿರ್ತಾನೆ." ಅವಳಿಗೆ ನಗು ಬಂತು. ನಗುತ್ತ ನಗುತ್ತ ಹೂವಿನ ಬುಟ್ಟಿಯ ಪಕ್ಕದಲ್ಲೇ ಕುಸಿದು ಕೂತು, ಕಣ್ಣು ಮೂಗು ಎಲ್ಲ ಸುರಿಯುತ್ತಿರಲು ತೋಳಿನಿಂದಲೂ ಒರೆಸಿಕೊಳ್ಳದೆ, "ಮನೆಯಲ್ಲಿದ್ದಾಗಲೂ ಹಾಗೇ, ಹೇಳಿ ಹೇಳಿ ಸಾಕಾಗ್ತಿತ್ತು. ಕಾಲು ತೊಳೆಯದೆ ಚಾಪೆ ಮೇಲೆ ಬರೋನು. ಒದ್ದೆ ಬಟ್ಟೆ ಮೂಲೆಗೆ ಎಸೆಯೋನು. ಒಂದು ದಿನ, ಒಂದು ದಿನವಾದ್ರೂ..." ಎಂದು ಶುರುಮಾಡಿದಳು.

ಹಾಚಿಯ ಗಾಬರಿಯಿಂದ ನನ್ನ ಮುಖ ನೋಡಿದ. ನಾನು ಅವನನ್ನು ಜಗುಲಿಯಲ್ಲಿ ಕೂರಿಸಿ ದೊಡ್ಡ ಬಟ್ಟಲಲ್ಲಿ ಗಂಜಿ ತಂದುಕೊಟ್ಟೆ. ಹಸಿದಿದ್ದನೇನೋ, ತಲೆ ತಗ್ಗಿಸಿಕೊಂಡು ಪೂರ್ತಿ ಕುಡಿದ. ಅವನು ಬಟ್ಟಲು ಕೆಳಗಿಟ್ಟು, ಗಂಟು ಬೆನ್ನಿಗೇರಿಸಿ, ಬೀದಿಯ ತಿರುವಿಗೆ ಹೋಗಿ ಕಾಣದಾಗುವವರೆಗೂ ಅಕ್ಕ ಸೊಜಿರೊನನ್ನು ಬೈಯುತ್ತಲೇ ಇದ್ದಳು.